ಕರೆಂಟ್ ಬ್ರಶ್ಶಿಂದ ನಿಜಕ್ಕೂ ಪ್ರಯೋಜನ ಉಂಟಾ?

ತೋಟದಾಚೆ ಮನೆ, ತೀರ್ಥಹಳ್ಳಿ ಕಡೆ

ವಿಷಯ ಸಣ್ಣದು, ನಗಬೇಡಿ. ಬೆಂಗಳೂರಲ್ಲಿರೋ ಮಗ ದೀಪಾವಳಿಗೆ ಬಂದವನು ಒಂದು ಕರೆಂಟ್ ಬ್ರಶ್ ತಂದಿಟ್ಟು ಹೋಗಿದ್ದಾನೆ. ಡಬ್ಬಿ ನೋಡಿ ಟಾರ್ಚೇನೋ ಅಂದ್ಕೊಂಡೆ. ಬಿಚ್ಚಿದ್ರೆ ಬಿಳೀ ಹಿಡಿ, ಅದರ ತುದಿಗೆ ಶರ್ಟಿನ ಗುಂಡಿಗಿಂತ ಸ್ವಲ್ಪ ದೊಡ್ಡ ಗುಂಡನೆ ಬ್ರಶ್, ಕೂರಿಸೋಕೆ ಒಂದು ಪೀಠ. "ಇದ್ರಲ್ಲಿ ಉಜ್ಜಿದ್ರೆ ಡಾಕ್ಟ್ರ ಹತ್ರ ಹೋಗೋದೇ ಬೇಡಮ್ಮ" ಅಂತ ಭಾಷಣ ಬೇರೆ. ಭಾಷಣ ಮಾಡಿದವನ ಬಾಯಲ್ಲೇ ಎರಡು ರೂಟ್ ಕೆನಾಲ್ ಆಗಿದೆ ಅನ್ನೋದು ಬೇರೆ ಮಾತು.

ಮೊದಲ ದಿನವೇ ಎಡವಟ್ಟಾಯ್ತು. ಪೇಸ್ಟ್ ಹಚ್ಚಿ, ಬಾಯಿಗಿಡೋ ಮೊದಲೇ ಗುಂಡಿ ಒತ್ತಿಬಿಟ್ಟೆ. ಕನ್ನಡಿ, ನಲ್ಲಿ, ನನ್ನ ಕನ್ನಡಕ ಎಲ್ಲದಕ್ಕೂ ಸಿಡೀತು. ಹಲ್ಲಿಗೆ ಹೋಗಬೇಕಾದ ಪೇಸ್ಟು ಗೋಡೆ ಮೇಲಿದ್ದ ಹಲ್ಲಿಗೆ ಹೋಯ್ತು. ಯಜಮಾನರು ಬಚ್ಚಲ ಬಾಗಿಲಲ್ಲಿ ನಿಂತು ನಕ್ಕಿದ್ದು ಇನ್ನೂ ನಿಂತಿಲ್ಲ. ಅವತ್ತೇ ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟೆ.

ಈಗ ಕೇಳೋದ್ಯಾಕೆ ಅಂದ್ರೆ, ಮನೆಯಲ್ಲಿ ಎರಡು ಬಾಯಿಯ ಸಮಸ್ಯೆ ಇದೆ. ಒಂದು ನನ್ನದು. ಎಡಗಡೆ ಕೋರೆಹಲ್ಲಿನ ಬುಡದಲ್ಲಿ ಕತ್ತಿ ತಾಗಿದ ಹಾಗೆ ಅಡ್ಡ ಕಚ್ಚು ಬಿದ್ದಿದೆ, ತಣ್ಣೀರು ತಾಗಿದ್ರೆ ತಲೆವರೆಗೆ ಝುಮ್ ಅನ್ನುತ್ತೆ. ಶಿವಮೊಗ್ಗದಲ್ಲಿ ತೋರಿಸಿದಾಗ ಡಾಕ್ಟ್ರು "ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ದೀರಿ" ಅಂದ್ರು. ಇರಬಹುದು. ಚಿಕ್ಕವಳಿದ್ದಾಗಿಂದ ಉಜ್ಜೋದು ಅಂದ್ರೆ ಜೋರಾಗಿ ಉಜ್ಜೋದು ಅಂತಲೇ ಗೊತ್ತು.

ಇನ್ನೊಂದು ಅತ್ತೆಯದು. ಅವರಿಗೆ 79. ಕಳೆದ ಆಷಾಢದಲ್ಲಿ ಸ್ಟ್ರೋಕ್ ಆಗಿ ಬಲಗೈ ಸೋತಿದೆ. ಕಾಲು ಪರವಾಗಿಲ್ಲ, ಕೋಲು ಹಿಡಿದು ಜಗಲಿಯಿಂದ ಬಚ್ಚಲವರೆಗೆ ಬರ್ತಾರೆ. ಮಾತು ಸ್ವಲ್ಪ ತೊದಲುತ್ತೆ, ಬೈಗುಳ ಮಾತ್ರ ಸ್ಪಷ್ಟ. ಬಾಯಲ್ಲಿ ಹದಿನೇಳು ಹಲ್ಲು ಉಳಿದಿವೆ. ಎಣಿಸಿದ್ದೀನಿ, ಯಾಕಂದ್ರೆ ಈಗ ಉಜ್ಜೋದು ನಾನೇ. ಎಡಗೈಯಲ್ಲಿ ತಾನೇ ಉಜ್ಜಿಕೊಳ್ತೀನಿ ಅಂತ ಅವರ ಹಠ. ಆದರೆ ಆ ಕೈಗೆ ಅಭ್ಯಾಸ ಇಲ್ಲ, ಮುಂದಿನ ನಾಲ್ಕು ಹಲ್ಲು ದಾಟಿ ಬ್ರಶ್ ಒಳಗೆ ಹೋಗೋದೇ ಇಲ್ಲ. ಮಧ್ಯಾಹ್ನ ಉಂಡ ಅನ್ನದ ಅಗುಳು ಬಲಗೆನ್ನೆಯೊಳಗೆ ರಾತ್ರಿಯೂ ಇರುತ್ತೆ, ಅವರಿಗೆ ಗೊತ್ತೇ ಆಗಲ್ಲ. ಮೇಲಿಂದ ಅರವತ್ತು ವರ್ಷ ಎಲೆ ಅಡಿಕೆ ಹಾಕಿದ ಬಾಯಿ. ಸ್ಟ್ರೋಕ್ ಆದ ಮೇಲೆ ಹೊಗೆಸೊಪ್ಪು ಬಿಡಿಸಿದ್ವಿ, ಎಲೆ ಅಡಿಕೆ ಬಿಡಿಸೋಕೆ ನನ್ನಿಂದಾಗಿಲ್ಲ. ಕುಟ್ಟಾಣಿಯಲ್ಲಿ ಕುಟ್ಟಿ ಕೊಡಬೇಕು. ಕೆಳಗಿನ ಮುಂದಿನ ಹಲ್ಲುಗಳ ಒಳಮೈಯಲ್ಲಿ ಹಳೇ ಗೋಡೆ ಗಾರೆಯ ಹಾಗೆ ಕಪ್ಪು-ಕೆಂಪು ಕಿಟ್ಟ ಕೂತಿದೆ.

ಈಗ ಅಡಿಕೆ ಸುಗ್ಗಿ ಬೇರೆ. ರಾತ್ರಿ ಹತ್ತರವರೆಗೂ ಸುಲಿತ. ಎದ್ದಾಗ ಹೆಬ್ಬೆರಳು ಮಡಚೋಕೆ ಬರಲ್ಲ, ಉಗುರಿನ ಸಂದಿಯೆಲ್ಲ ಚೊಗರು. (ಹಳೇ ಟೂತ್‌ಬ್ರಶ್ಶಿನ ನಿಜವಾದ ಉಪಯೋಗ ಅದೇ, ಚೊಗರು ತಿಕ್ಕೋದು. ಆಮೇಲೆ ಲಂಗದ ಲಾಡಿ ಪೋಣಿಸೋದು. ಈ ಗುಂಡು ಬ್ರಶ್ಶಿಂದ ಎರಡೂ ಆಗಲ್ಲ.) ಆ ಕೈಯಲ್ಲಿ ದಿನಕ್ಕೆರಡು ಸಲ ಎರಡು ಬಾಯಿ ಉಜ್ಜಬೇಕು.

ಕರೆಂಟ್ ಬ್ರಶ್ ಕೈ ಬ್ರಶ್ಶಿಗಿಂತ ನಿಜಕ್ಕೂ ಒಳ್ಳೇದಾ, ಅಥವಾ ಬೆಂಗಳೂರಿನವರ ಶೋಕಿಯಾ? ನನ್ನ ಕಚ್ಚು ಬಿದ್ದ ಹಲ್ಲಿಗೆ ಹಾಕಬಹುದಾ? ಅತ್ತೆಯ ಬಾಯಿಗೆ ಹಾಕಿದ್ರೆ ಅಪಾಯ ಉಂಟಾ? ಮತ್ತೆ ನಮ್ಮಲ್ಲಿ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ. ಶರಾವತಿ ಕೊಟ್ಟು ಊರೆಲ್ಲ ಬೆಳಗಿಸಿದ ಜಿಲ್ಲೆ ನಮ್ಮದು, ಮಳೆಗಾಲದಲ್ಲಿ ಮೂರು ಮೂರು ದಿನ ಬುಡ್ಡಿ ದೀಪವೂ ನಮಗೇ. ಹಿಡಿಗೆ ಮಗ 1900 ಕೊಟ್ಟನಂತೆ, ತುದಿಯ ಬ್ರಶ್ ಎರಡಕ್ಕೆ 600 ಅಂತ ತೋರಿಸ್ತಾ ಇದೆ. ಮೂರು ತಿಂಗಳಿಗೊಮ್ಮೆ ಬದಲಿಸಬೇಕಂತೆ. 30 ರೂಪಾಯಿ ಬ್ರಶ್ಶಿಗೆ ಹೋಲಿಸಿದ್ರೆ ಎದೆ ಧಸಕ್ ಅನ್ನುತ್ತೆ.

ಉಮಿಕರಿ, ಹೊಸನಗರ

ಅಕ್ಕಾ, ಹಲ್ಲುಜ್ಜೋಕೂ ಕರೆಂಟು ಬೇಕಾಯ್ತಾ? ಇನ್ನು ತುತ್ತು ಕಲಸೋಕೊಂದು ಮೋಟಾರ್ ಇಟ್ರೆ ಮುಗೀತು. ನಮ್ಮಜ್ಜ ಮಾವಿನೆಲೆ ಸುರುಳಿ ಸುತ್ತಿ, ಉಮಿಕರಿಗೆ ಕಲ್ಲುಪ್ಪು ಸೇರಿಸಿ ಬಾವಿಕಟ್ಟೆ ಹತ್ರ ಉಜ್ತಿದ್ರು. ಎಂಬತ್ತೆಂಟನೇ ವರ್ಷದಲ್ಲಿ ಕಬ್ಬು ಸಿಗಿದು ತಿಂದವರು. ಬ್ರಶ್ಶು ಅನ್ನೋದು ಕಣ್ಣಲ್ಲಿ ಕಂಡವರಲ್ಲ. ಡಬ್ಬಿ ಕಪಾಟಿನ ಮೇಲೇ ಇರಲಿ, ಮಗನ ಮದುವೆಗೆ ಯಾರಿಗಾದ್ರೂ ಉಡುಗೊರೆ ಕೊಡಿ.

ತೋಟದಾಚೆ ಮನೆ

ನಿಮ್ಮಜ್ಜನ ಹಲ್ಲಿನ ಸುದ್ದಿ ಆಯ್ತು. ಅಜ್ಜಿಗೆ ಎಷ್ಟು ಹಲ್ಲಿತ್ತು?

ಉಮಿಕರಿ, ಹೊಸನಗರ

ಅಜ್ಜಿಗೆ ನಾನು ನೋಡೋ ಹೊತ್ತಿಗೆ ಒಂದೂ ಇರಲಿಲ್ಲ. ಸೋತೆ.

ಹಲ್ಲು ಡಾಕ್ಟ್ರು, ಶಿವಮೊಗ್ಗ

ದುರ್ಗಿಗುಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಿಮ್ಮೆಲ್ಲರ ಬಾಯಿ ನೋಡ್ತಾ ಇದ್ದೀನಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಅಂಕಿ. ಕರೆಂಟ್ ಬ್ರಶ್ ಮತ್ತು ಕೈ ಬ್ರಶ್ ಹೋಲಿಸಿದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಅನ್ನೋ ಸಂಸ್ಥೆ 2014ರಲ್ಲಿ ಒಂದು ಪರಿಶೀಲನೆ ಪ್ರಕಟಿಸಿತು. 56 ಪರೀಕ್ಷೆ, ಐದು ಸಾವಿರಕ್ಕೂ ಸ್ವಲ್ಪ ಹೆಚ್ಚು ಜನ. ಒಂದರಿಂದ ಮೂರು ತಿಂಗಳ ಬಳಕೆಯಲ್ಲಿ ಕರೆಂಟ್ ಬ್ರಶ್‌ನವರ ಹಲ್ಲಿನ ಮೇಲೆ ಪ್ಲಾಕ್ 11 ಶೇಕಡ ಕಡಿಮೆ, ಮೂರು ತಿಂಗಳು ದಾಟಿದ ಮೇಲೆ 21 ಶೇಕಡ ಕಡಿಮೆ. ವಸಡಿನ ಉರಿಯೂತ ಮೊದಲ ಅವಧಿಯಲ್ಲಿ 6, ಆಮೇಲೆ 11 ಶೇಕಡ ಕಡಿಮೆ. ಅಂದ್ರೆ ಮೇಲುಗೈ ಇದೆ, ಅದು ಜಾಹೀರಾತಿನ ಬರೀ ಬಡಾಯಿ ಅಲ್ಲ. ಆದರೆ ಇಷ್ಟು ವ್ಯತ್ಯಾಸದಿಂದ ಮುಂದೆ ಹಲ್ಲು ಉಳಿಯೋದ್ರಲ್ಲಿ ಎಷ್ಟು ಲಾಭ ಅನ್ನೋದು ಸ್ಪಷ್ಟವಿಲ್ಲ ಅಂತಲೂ ಅದೇ ಪರಿಶೀಲನೆ ಮಾಡಿದವರು ಬರೆದಿದ್ದಾರೆ. ಮಾರುವವರು ಮೊದಲನೇದನ್ನ ಹೇಳ್ತಾರೆ, ಎರಡನೇದನ್ನ ಬಿಡ್ತಾರೆ.

ಪ್ಲಾಕ್ ಅಂದ್ರೆ ಅಂಗಳದ ಕಲ್ಲಿನ ಮೇಲೆ ಮಳೆಗಾಲದಲ್ಲಿ ಕಟ್ಟೋ ಪಾಚಿ ಅಂದ್ಕೊಳ್ಳಿ. ಮೆತ್ತಗೆ, ಅಂಟು, ಬ್ರಶ್ ತಾಗಿದ್ರೆ ಸಾಕು, ಬರುತ್ತೆ. ಬಿಟ್ಟರೆ ಎಂಜಲಿನ ಸುಣ್ಣದಂಶ ಸೇರಿ ಗಟ್ಟಿಯಾಗಿ ಕಿಟ್ಟ ಆಗುತ್ತೆ. ಕಿಟ್ಟ ಆದ ಮೇಲೆ ಕೈ ಬ್ರಶ್ಶೂ ಅಷ್ಟೇ, ಕರೆಂಟ್ ಬ್ರಶ್ಶೂ ಅಷ್ಟೇ, ಎರಡಕ್ಕೂ ಅದು ಬಗ್ಗಲ್ಲ. ಕ್ಲೀನಿಂಗ್ ಮಾಡಿಸಲೇಬೇಕು. ನಿಮ್ಮ ಅತ್ತೆಯ ಕೆಳಹಲ್ಲಿನ ಒಳಮೈ ಗಾರೆ ಆ ಜಾತಿ. ನಾಲಿಗೆ ಕೆಳಗಿನ ಎಂಜಲಿನ ಗ್ರಂಥಿಗಳ ಬಾಯಿ ಅಲ್ಲೇ ತೆರೆಯೋದ್ರಿಂದ ಎಲ್ಲರಿಗೂ ಮೊದಲು ಅಲ್ಲೇ ಕಟ್ಟೋದು. ಮೊದಲು ಒಮ್ಮೆ ಅದನ್ನ ತೆಗೆಸಿ. ಸ್ಟ್ರೋಕಿಗೆ ರಕ್ತ ತೆಳುವಾಗಿಸೋ ಮಾತ್ರೆ ತಗೋತಾ ಇರ್ತಾರೆ, ಹೋಗುವಾಗ ಚೀಟಿ ತಗೊಂಡು ಹೋಗಿ ತೋರಿಸಿ. ಕ್ಲೀನಿಂಗ್ ಇದೆ ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿ ಬಂದವರನ್ನ ನೋಡಿ ನನಗೇ ಎದೆ ಹೊಡ್ಕೊಂಡಿದ್ದುಂಟು.

ಇನ್ನು ನಿಮ್ಮ ಹಲ್ಲು. ಬಲಗೈಯವರಿಗೆ ಎಡಗಡೆ ಕೋರೆಹಲ್ಲಿನ ಹತ್ರ ಕೈ ಜೋರಾಗಿ ಬೀಳುತ್ತೆ, ಅದಕ್ಕೇ ಕಚ್ಚು ಅಲ್ಲಿ. ಗಟ್ಟಿ ಬ್ರಶ್ಶು, ಅಡ್ಡಕ್ಕೆ ಗರಗಸದ ಎಳೆತ, ಎರಡೂ ಸೇರಿ ಮಾಡಿದ ಕೆಲಸ. ಹಲ್ಲಿನ ಮೇಲ್ಪದರ ದೇಹದಲ್ಲೇ ಅತಿ ಗಟ್ಟಿ ವಸ್ತು, ಆದರೆ ವಸಡು ಹಿಂದೆ ಸರಿದು ಬೇರಿನ ಭಾಗ ಹೊರಬಿದ್ರೆ ಅಲ್ಲಿ ಆ ಕವಚ ಇರಲ್ಲ. ಬೇಗ ಸವೆಯುತ್ತೆ. ನಿಮಗೆ ಮೃದು ಎಳೆಯ ಬ್ರಶ್ ಸಾಕು. ವಸಡಿನ ಅಂಚಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಇಟ್ಟು, ಇದ್ದಲ್ಲೇ ನಡುಗಿಸಿದ ಹಾಗೆ ಸಣ್ಣಕೆ ಆಡಿಸಿ ಕಚ್ಚೋ ಮೈಯ ಕಡೆ ಹೊರಳಿಸೋದು. ಎರಡು ನಿಮಿಷ. ಬ್ರಶ್ಶನ್ನ ಮುಷ್ಟಿಯಲ್ಲಿ ಹಿಡಿಯಬೇಡಿ, ಪೆನ್ನು ಹಿಡಿದ ಹಾಗೆ ಬೆರಳಲ್ಲಿ ಹಿಡೀರಿ, ಜೋರು ತಾನಾಗೇ ಇಳಿಯುತ್ತೆ. ನಿಮ್ಮ ಮಗ ತಂದ ಬ್ರಶ್ಶಲ್ಲಿ ಒತ್ತಡ ಜಾಸ್ತಿಯಾದ್ರೆ ಕೆಂಪು ದೀಪ ಹತ್ತೋದೋ, ತಿರುಗೋದು ನಿಧಾನವಾಗೋದೋ ಇದ್ದರೆ ನಿಮ್ಮಂಥ ಪಾತ್ರೆ ತಿಕ್ಕೋರಿಗೆ ಅದೊಂದು ಗುಣ. ಇಲ್ಲದಿದ್ರೆ ಅದನ್ನೂ ನೀವು ಪಾತ್ರೆ ತಿಕ್ಕಿದ ಹಾಗೆಯೇ ತಿಕ್ಕಿ ಅದೇ ಕಚ್ಚನ್ನ ದೊಡ್ಡದು ಮಾಡ್ಕೋತೀರಿ.

ಈಗ ಅತ್ತೆ. ಇಲ್ಲಿ ನನ್ನ ಉತ್ತರ ಬೇರೆ. 1954ರಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ಬ್ರಾಕ್ಸೋಡೆಂಟ್ ಅಂತ ಮೊದಲ ಕರೆಂಟ್ ಬ್ರಶ್ ಬಂದಾಗ ಅದನ್ನ ಮಾಡಿದ್ದೇ ಕೈ ಸರಿಯಾಗಿ ಆಡದ ರೋಗಿಗಳಿಗೆ, ಮತ್ತೆ ಹಲ್ಲಿಗೆ ತಂತಿ ಹಾಕಿಸಿಕೊಂಡವರಿಗೆ. ಶೋಕಿಯವರ ಕೈಗೆ ಹೋಗಿದ್ದು ಆಮೇಲೆ. ಅಂದ್ರೆ ನಿಮ್ಮನೆಯಲ್ಲಿ ಆ ವಸ್ತು ಸೇರಬೇಕಾದ ಕೈ ಅತ್ತೆಯದು, ನಿಮ್ಮದಲ್ಲ. ಎಡಗೈಯಲ್ಲಿ ಅವರು ಹಿಡಿದು ಹಲ್ಲಿಗೆ ತಾಗಿಸಿದ್ರೆ ಸಾಕು, ಆಡೋದನ್ನ ಅದು ಆಡುತ್ತೆ. ಉದ್ದ ಹಿಡಿ ದಪ್ಪ ಇರೋದ್ರಿಂದ ಹಿಡಿತವೂ ಸುಲಭ. ನೀವು ಉಜ್ಜಿಸೋದಾದ್ರೂ ನಿಮ್ಮ ಹೆಬ್ಬೆರಳಿಗೆ ಕೆಲಸ ಕಡಿಮೆ.

ಆದರೆ ಕೆಲವು ಎಚ್ಚರ ಇದೆ, ಇದನ್ನ ದಯವಿಟ್ಟು ಓದಿ. ಸ್ಟ್ರೋಕ್ ಆದವರಿಗೆ ನುಂಗೋದ್ರಲ್ಲಿ ಎಡವಟ್ಟಿರುತ್ತೆ, ನೊರೆ ಶ್ವಾಸಕ್ಕೆ ಹೋದ್ರೆ ನ್ಯುಮೋನಿಯಾವರೆಗೆ ಹೋಗಬಹುದು. ಮಲಗಿಸಿ ಉಜ್ಜಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿರಲಿ. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ಅದಕ್ಕಿಂತ ಕಡಿಮೆಯಾದ್ರೂ ಪರವಾಗಿಲ್ಲ, ಫ್ಲೋರೈಡ್ ಇರೋದು ಇರಲಿ. ಉಜ್ಜೋ ಮೊದಲು ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ಬಲಗೆನ್ನೆಯ ಸಂದಿಯಲ್ಲಿ ಸಿಕ್ಕಿದ ಅಗುಳು ತೆಗೀರಿ, ಆ ಕಡೆ ಸ್ಪರ್ಶ ಕಡಿಮೆ ಇರೋದಕ್ಕೆ ಅವರಿಗೆ ಗೊತ್ತಾಗದೇ ಇರೋದು. ಎದುರು ನಿಂತು ಉಜ್ಜಬೇಡಿ. ಕುರ್ಚಿಯ ಹಿಂದೆ, ಸ್ವಲ್ಪ ಪಕ್ಕಕ್ಕೆ ನಿಂತು ಎಡಗೈಯಿಂದ ಗದ್ದ ಆನಿಸಿಕೊಳ್ಳಿ, ಮಗುವಿಗೆ ತಲೆ ಬಾಚಿದ ಹಾಗೆ. ಗುಂಡಿಯನ್ನ ಬ್ರಶ್ ಬಾಯೊಳಗೆ ಹೋದ ಮೇಲೆ ಒತ್ತಿ, ಹೊರತೆಗೆಯೋ ಮೊದಲು ನಿಲ್ಲಿಸಿ. ಅದು ನಿಮಗೆ ಹಲ್ಲಿ ಆಗಲೇ ಕಲಿಸಿದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮಾತ್ರ ಹೃದಯದ ಡಾಕ್ಟ್ರನ್ನ ಕೇಳಿಯೇ ಶುರುಮಾಡಿ.

ಉಮಿಕರಿಯವರಿಗೆ ಒಂದು ಮಾತು. ಇದ್ದಿಲು, ಇಟ್ಟಿಗೆಪುಡಿ, ಉಮಿಕರಿ ಇವೆಲ್ಲ ಒರಟು. ಕಲೆ ಹೋಗುತ್ತೆ, ಜೊತೆಗೆ ಹಲ್ಲಿನ ಮೇಲ್ಮೈಯೂ. ನಿಮ್ಮಜ್ಜನ ಹಲ್ಲು ಉಳಿದಿದ್ದಕ್ಕೆ ಅವರ ಕಾಲದಲ್ಲಿ ಮನೆಗೆ ಸಕ್ಕರೆ ಎಷ್ಟು ಬರ್ತಿತ್ತು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಹಾಗೇ, ಕೆಲವು ಅಜ್ಜಿಯಂದಿರು ಈಗಲೂ ಹೊಗೆಸೊಪ್ಪಿನ ಪುಡಿಯಲ್ಲಿ ಹಲ್ಲುಜ್ಜುತ್ತಾರೆ. ಹಲ್ಲುಪುಡಿಗೆ ತಂಬಾಕು ಬೆರೆಸೋದನ್ನ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಕೊನೇದು, ಬೈಯಬೇಡಿ. ಅಡಿಕೆ. ಬಿಡಿಸೋಕೆ ನೋಡಿ. ಹೊಗೆಸೊಪ್ಪು ಇಲ್ಲದಿದ್ರೂ ಅಡಿಕೆ ಜಗಿಯೋದು ಬಾಯಿಗೆ ಒಳ್ಳೇದಲ್ಲ. ಕೆನ್ನೆಯೊಳಗೆ ಬಿಳಿ ಪಟ್ಟೆ, ಬಾಯಿ ತೆರೆಯೋದು ದಿನೇ ದಿನೇ ಕಡಿಮೆ ಆಗೋದು, ಖಾರ ತಿಂದ್ರೆ ಉರಿ, ಇದ್ರಲ್ಲಿ ಯಾವುದಿದ್ರೂ ಬ್ರಶ್ಶಿನ ಯೋಚನೆ ಬಿಟ್ಟು ಮೊದಲು ಬಂದು ತೋರಿಸಿ.

ಕೊಪ್ಪದ ಬೆಳೆಗಾರ

ಡಾಕ್ಟ್ರೇ, ಬ್ರಶ್ ಕೇಳಿದ್ರೆ ಅಡಿಕೆಗೆ ಯಾಕೆ ಕಲ್ಲು? ಮದುವೆ, ಮುಂಜಿ, ತಾಂಬೂಲ, ಎಲ್ಲದಕ್ಕೂ ಅಡಿಕೆ ಬೇಕು. ಕೊಳೆರೋಗ, ಎಲೆಚುಕ್ಕಿ ಅಂತ ನಾವು ಮೊದಲೇ ಸತ್ತಿದ್ದೀವಿ. ಗುಟ್ಕಾದವರು ಮಾಡಿದ ಪಾಪ ತೋಟದವರ ತಲೆಗೆ.

ಹಲ್ಲು ಡಾಕ್ಟ್ರು, ಶಿವಮೊಗ್ಗ

ನಮ್ಮಪ್ಪನ ತೋಟ ಮಂಡಗದ್ದೆ ಹತ್ರವೇ ಇದೆ, ನನ್ನ ಕಾಲೇಜು ಫೀಸು ಕಟ್ಟಿದ್ದೂ ಅಡಿಕೆಯೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತೋಟದ ಮಗಳಾಗಿ ಅದನ್ನ ಹೇಳೋದು ನನಗೇನು ಖುಷಿಯಲ್ಲ. ತಟ್ಟೆಯಲ್ಲಿಟ್ಟು ತಾಂಬೂಲ ಕೊಡೋದಕ್ಕೂ ದಿನಕ್ಕೆ ಹತ್ತು ಸಲ ದವಡೆಯಲ್ಲಿ ಇಟ್ಕೊಳ್ಳೋದಕ್ಕೂ ವ್ಯತ್ಯಾಸ ಇದೆ. ಈ ವಾದ ಇಲ್ಲಿಗೆ ಬಿಡೋಣ, ಪ್ರಶ್ನೆ ಬ್ರಶ್ಶಿಂದು.

ಸಾಗರದ ವೈರ್‌ಮನ್

ಕರೆಂಟಿನ ಪಾಲು ನಂದು. ಹೆದರೋ ಅಂಥದ್ದೇನಿಲ್ಲ ಅಕ್ಕ.

ಆ ಹಿಡಿಯಲ್ಲಿರೋದು ಸಣ್ಣ ಬ್ಯಾಟರಿ. ಪೀಠದೊಳಗೆ ತಾಮ್ರದ ಸುರುಳಿ, ಹಿಡಿಯ ತಳದಲ್ಲಿ ಇನ್ನೊಂದು ಸುರುಳಿ. ನಡುವೆ ತಂತಿ ಇಲ್ಲ, ಲೋಹ ಲೋಹಕ್ಕೆ ತಾಗಲ್ಲ. ಟ್ರಾನ್ಸ್‌ಫಾರ್ಮರ್‌ನ ಎರಡು ಅರ್ಧ ಮಾಡಿ ಒಂದನ್ನ ಬ್ರಶ್ಶಿಗೆ ಒಂದನ್ನ ಪೀಠಕ್ಕೆ ಹಾಕಿದ್ದಾರೆ ಅಂದ್ಕೊಳ್ಳಿ. ಹಾಗಾಗಿ ಬಾಯಲ್ಲಿ ಶಾಕ್ ಹೊಡೆಯುತ್ತೆ ಅನ್ನೋ ಭಯ ಬೇಡ. ಕುಡಿಯೋ ವಿದ್ಯುತ್ತೂ ಒಂದೆರಡು ವ್ಯಾಟ್, ಬಿಲ್ಲಲ್ಲಿ ಕಾಣಲ್ಲ. ಒಮ್ಮೆ ತುಂಬಿದ್ರೆ ಸಾಮಾನ್ಯವಾಗಿ ವಾರದ ಮೇಲೇ ಬರುತ್ತೆ, ಲಿಥಿಯಂ ಇದ್ದರೆ ಎರಡು ವಾರವೂ ಉಂಟು. ಮೂರು ದಿನ ಕರೆಂಟ್ ಹೋದ್ರೆ ಅದಕ್ಕೇನೂ ಆಗಲ್ಲ, ನಿಮ್ಮ ಫ್ರಿಜ್ಜಿನ ಹಾಲಿಗೆ ಆಗಬಹುದು.

ಪೀಠವನ್ನ ಬಚ್ಚಲಲ್ಲಿ ಇಡಬೇಡಿ. ಅಡುಗೆಮನೆಯಲ್ಲೋ ಜಗಲಿಯಲ್ಲೋ ಒಣ ಜಾಗದಲ್ಲಿಟ್ಟು ವಾರಕ್ಕೊಮ್ಮೆ ಚಾರ್ಜ್ ಮಾಡಿ, ಆಮೇಲೆ ಪ್ಲಗ್ ಕಿತ್ತಿಡಿ. ಮುಖ್ಯವಾಗಿ ಗುಡುಗು ಶುರುವಾದ್ರೆ. ಕಳೆದ ಮೇ ತಿಂಗಳ ಒಂದೇ ಸಂಜೆ ನಮ್ಮೂರಲ್ಲಿ ನಾಲ್ಕು ಟಿವಿ, ಎರಡು ಮೋಡೆಮ್ ಹೋದವು. ಬ್ರಶ್ಶಿನ ಪೀಠ ಯಾವ ಲೆಕ್ಕ? ಅಮೆರಿಕದಿಂದ ಯಾರಾದ್ರೂ ತಂದುಕೊಟ್ಟಿದ್ದಾದ್ರೆ ತಳದಲ್ಲಿ ಬರೆದಿದ್ದನ್ನ ಓದಿ. 100–240 ಅಂತಿದ್ರೆ ಸರಿ, 110–130 ಅಂತಿದ್ರೆ ನಮ್ಮ 230ಕ್ಕೆ ಚುಚ್ಚಿದ ಕ್ಷಣ ಹೊಗೆ.

ನಿಜವಾದ ಶತ್ರು ನಮ್ಮ ಥಂಡಿ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಹೊಡೆಯೋ ಸೀಮೆ ಇದು, ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತೆ. ಬ್ರಶ್ ತಲೆ ಹಿಡಿಗೆ ಸೇರೋ ಸಂದಿಯಲ್ಲಿ ನೀರು, ಪೇಸ್ಟು ನಿಂತು ಕಪ್ಪು ಗಸಿ ಕಟ್ಟುತ್ತೆ. ನನ್ನದನ್ನ ಆರು ತಿಂಗಳು ಕಿತ್ತೇ ನೋಡಿರಲಿಲ್ಲ, ಕಿತ್ತ ದಿನ ಊಟ ಸೇರಲಿಲ್ಲ. ದಿನಾ ಉಜ್ಜಾದ ಮೇಲೆ ತಲೆ ಬಿಚ್ಚಿ, ಎರಡನ್ನೂ ತೊಳೆದು, ಕುಟ್ಟಿ ನೀರು ಕೊಡವಿ, ಬೇರೆ ಬೇರೆ ನಿಲ್ಲಿಸಿಡಿ. ಮುಚ್ಚಳದ ಡಬ್ಬಿಗೆ ಹಾಕಬೇಡಿ.

ಒಂದು ಬೇಜಾರಿನ ಸಂಗತಿ. ಈ ಬ್ಯಾಟರಿ ಬದಲಿಸೋ ಹಾಗೆ ಮಾಡಿರಲ್ಲ. ನಾಲ್ಕೈದು ವರ್ಷಕ್ಕೆ ಸತ್ತರೆ ಹಿಡಿ ಸಮೇತ ಎಸೀಬೇಕು. ನಾನೊಂದನ್ನ ಬಿಚ್ಚಿ ಬೆಸುಗೆ ಹಾಕಿ ಬದುಕಿಸಿದೆ, ಆದರೆ ಆಮೇಲೆ ನೀರು ಒಳಗೆ ಹೋಗಿ ಸತ್ತೇ ಹೋಯ್ತು.

ಎರಡು ಮಕ್ಕಳ ಅಮ್ಮ, ವಿನೋಬನಗರ

ನಮ್ಮನೆ ಅನುಭವ ಉಲ್ಟಾ. ಮಗನಿಗೆ ಹಲ್ಲಿಗೆ ತಂತಿ ಹಾಕಿಸಿದಾಗ ಅವನಿಗೊಂದು, ಅಳ್ತಾಳೆ ಅಂತ ಮಗಳಿಗೊಂದು, ಎರಡು ಕರೆಂಟ್ ಬ್ರಶ್ ತಂದ್ವಿ. ಮಗನಿಗೆ ಉಪಯೋಗ ಆಯ್ತು, ತಂತಿ ಸಂದಿ ಚೆನ್ನಾಗಿ ಸ್ವಚ್ಛ ಆಗ್ತಿತ್ತು. ಮಗಳದ್ದು ಒಂದು ತಿಂಗಳ ಆಟ. ಕಚಗುಳಿ ಆಗುತ್ತೆ ಅಂತ ನಗ್ತಾ ನಗ್ತಾ ಅರ್ಧ ನಿಮಿಷಕ್ಕೇ ಮುಗಿಸೋಳು. ಈಗ ಅವಳದ್ದು 25 ರೂಪಾಯಿ ಬ್ರಶ್, ಗೋಡೆಗೊಂದು ಮರಳು ಗಡಿಯಾರ. ಮರಳು ಇಳಿಯೋವರೆಗೆ ಉಜ್ಜಬೇಕು. ಶಾಲೆಯ ಹಲ್ಲಿನ ತಪಾಸಣೆಯಲ್ಲಿ ಅವಳ ಬಾಯಲ್ಲಿ ಒಂದೂ ಹುಳುಕು ಸಿಗಲಿಲ್ಲ. ಅಣ್ಣನ ಬಾಯಲ್ಲಿ ಒಂದು ಸಿಕ್ತು! ರಾತ್ರಿ ಉಜ್ಜಿದ ಮೇಲೆ ಚಾಕಲೇಟ್ ತಿಂದ್ರೆ ಯಾವ ಮೋಟಾರ್ ಏನು ಮಾಡುತ್ತೆ?

ತುದಿಯ ಬ್ರಶ್ ಕೊಳ್ಳುವಾಗ ಹುಷಾರು. ಪೇಟೆಯ ಒಂದು ಅಂಗಡಿಯಲ್ಲಿ "ಎಲ್ಲದಕ್ಕೂ ಆಗುತ್ತೆ ಮೇಡಂ" ಅಂತ ನಾಲ್ಕು ಕೊಟ್ಟ. ಮನೆಗೆ ಬಂದು ಹಾಕಿದ್ರೆ ಸಡಿಲ, ಉಜ್ಜುವಾಗ ಕಳಚಿ ಮಗನ ಬಾಯಲ್ಲೇ ಬಿತ್ತು. ವಾಪಸ್ ತಗೊಳ್ಳಲಿಲ್ಲ.

ತೋಟದಾಚೆ ಮನೆ

ಮೂರು ವಾರ ಆಯ್ತು, ಬರೀಬೇಕು ಅಂತಿದ್ದೆ, ಅಡಿಕೆ ಬೇಯಿಸೋ ಗಲಾಟೆಯಲ್ಲಿ ಆಗಲಿಲ್ಲ.

ಮೊದಲು ಅತ್ತೆಯನ್ನ ಕರ್ಕೊಂಡು ಹೋಗಿ ಕಿಟ್ಟ ತೆಗೆಸಿದ್ವಿ. ಮಾತ್ರೆ ಚೀಟಿ ತಗೊಂಡೇ ಹೋಗಿದ್ದೆ, ಡಾಕ್ಟ್ರೇ. ಎರಡು ಸಲ ಹೋಗಬೇಕಾಯ್ತು. ಬಂದ ರಾತ್ರಿ ಅತ್ತೆ ನಾಲಿಗೆಯಿಂದ ಕೆಳಹಲ್ಲಿನ ಹಿಂದೆ ಮುಟ್ಟಿ ಮುಟ್ಟಿ ನೋಡಿ, "ನನ್ನ ಹಲ್ಲೇ ತೆಗ್ದುಬಿಟ್ರಾ, ಸಂದಿ ಬಂದಿದೆ" ಅಂತ ಅಳೋಕೇ ಶುರು ಮಾಡಿದ್ರು. ಅಷ್ಟು ವರ್ಷ ಆ ಗಾರೆಯನ್ನೇ ಹಲ್ಲು ಅಂದ್ಕೊಂಡಿದ್ರು ಪಾಪ. ಕನ್ನಡಿ ಹಿಡಿದು ಹದಿನೇಳನ್ನೂ ಎಣಿಸಿ ತೋರಿಸಬೇಕಾಯ್ತು.

ಆಮೇಲೆ ಕಪಾಟಿನ ಮೇಲಿನ ಡಬ್ಬಿ ಇಳಿಸಿದೆ. ಮೊದಲ ದಿನ ಗುಂಡಿ ಒತ್ತಿದ್ದೇ ತಡ, ಅತ್ತೆ ನನ್ನ ಕೈಗೆ ಹೊಡೆದ್ರು. ಎರಡನೇ ದಿನ ಬಾಯಿ ಬಿಡಲಿಲ್ಲ. ಬಲವಂತ ಮಾಡೋಕೆ ಮನಸ್ಸು ಬರಲಿಲ್ಲ, ಸುಮ್ಮನೆ ಅವರ ಎಡಗೈಗೆ ಕೊಟ್ಟು ಶುರುಮಾಡಿ ಬಿಟ್ಟೆ. ಅಂಗೈಯಲ್ಲಿ ಅದು ಗುಂಯ್‌ಗುಟ್ಟೋದನ್ನ ಸ್ವಲ್ಪ ಹೊತ್ತು ನೋಡಿದ್ರು, ಕಿವಿ ಹತ್ರ ಹಿಡಿದ್ರು, "ಜೀರುಂಡೆ" ಅಂದ್ರು. ನಾಲ್ಕನೇ ದಿನ ತಾವೇ ಮುಂದಿನ ಹಲ್ಲಿಗೆ ತಾಗಿಸಿಕೊಂಡ್ರು. ಈಗ ರಾತ್ರಿ ಊಟ ಆದ ಕೂಡಲೇ "ಜೀರುಂಡೆ ತಾ" ಅಂತ ಜಗಲಿಯಿಂದ ಕೂಗು. ಎಡಭಾಗವನ್ನ ಪೂರ್ತಿ ಅವರೇ ಉಜ್ಜುತ್ತಾರೆ. ಬಲಗಡೆ ಕೈ ತಿರುಗಲ್ಲ, ಅಲ್ಲಿ ನಾನು ಹಿಂದೆ ನಿಂತು ಗದ್ದ ಆನಿಸಿಕೊಂಡು ಉಜ್ಜಿಸ್ತೀನಿ. ಮೊದಲ ವಾರ ಉಗುಳಿದ್ದೆಲ್ಲ ಕೆಂಪು, ವಸಡಿಂದ ರಕ್ತ. ಎಲೆ ಅಡಿಕೆ ಕೆಂಪೋ ರಕ್ತವೋ ಅಂತ ತಿಳಿಯದೇ ಗಾಬರಿಯಾಗಿತ್ತು, ಡಾಕ್ಟ್ರಿಗೆ ಫೋನ್ ಮಾಡಿದ್ರೆ ನಿಲ್ಲಿಸಬೇಡಿ, ಮೆತ್ತಗೆ ಉಜ್ಜಿ, ಜಾಸ್ತಿಯಾದ್ರೆ ಬನ್ನಿ ಅಂದ್ರು. ಈಗ ಕಡಿಮೆಯಾಗಿದೆ. ಬಾಯಿಯ ವಾಸನೆ ಹೋಗಿದೆ ಅಂತ ಯಜಮಾನರೇ ಹೇಳಿದ್ರು. ನಕ್ಕವರು ಅವರೇ ಅಂತ ನೆನಪಿಸಿದೆ.

ನನಗೆ ಒಂದು ತಗೊಳ್ಳಲಾ ಅಂತ ಮಗ ಕೇಳಿದ. ಬೇಡ ಅಂದೆ. ಎಳೆ ಮೃದು ಇರೋ ಬ್ರಶ್ ತಂದು, ಪೆನ್ನು ಹಿಡಿದ ಹಾಗೆ ಹಿಡಿದು ಉಜ್ಜುತ್ತಾ ಇದ್ದೀನಿ. ಮೊದಲ ನಾಲ್ಕು ದಿನ ಉಜ್ಜಿದ ಹಾಗೇ ಅನಿಸಲಿಲ್ಲ, ತಿಕ್ಕದೇ ಇದ್ರೆ ನನಗೆ ಸಮಾಧಾನ ಇಲ್ಲ. ಕಚ್ಚು ಬಿದ್ದಲ್ಲಿ ಡಾಕ್ಟ್ರು ತುಂಬಿಸಿಕೊಟ್ಟಿದ್ದಾರೆ, ತಣ್ಣೀರು ಕುಡಿಯೋಕಾಗುತ್ತೆ.

ಲೆಕ್ಕದ ವಿಷಯ. ಒಂದೇ ಬಾಯಿಗೆ ಅಂದ್ರೆ ವರ್ಷಕ್ಕೆ ನಾಲ್ಕು ತಲೆ, 1200 ರೂಪಾಯಿ. ಕಂಪನಿಯದ್ದೇ ತರಿಸಿದೆ, ವಿನೋಬನಗರದವರ ಕತೆ ಓದಿದ ಮೇಲೆ ಅಗ್ಗದ್ದಕ್ಕೆ ಕೈ ಹಾಕಲಿಲ್ಲ. ಎಲೆ ಅಡಿಕೆ ಇನ್ನೂ ಬಿಟ್ಟಿಲ್ಲ, ದಿನಕ್ಕೆ ಎಂಟರಿಂದ ಮೂರಕ್ಕೆ ಇಳಿದಿದೆ. ಕುಟ್ಟೋಳು ನಾನಲ್ವಾ, ಕುಟ್ಟಾಣಿ ಸಿಗ್ತಿಲ್ಲ ಅಂತ ಸುಳ್ಳು ಹೇಳ್ತೀನಿ.

ಮೊನ್ನೆ ರಾತ್ರಿ ಚಾರ್ಜ್ ಹಾಕೋದು ಮರೆತು ಜೀರುಂಡೆ ನಡುವಲ್ಲೇ ನಿಂತಿತು. ಅತ್ತೆ ಬಾಯಿ ಮುಚ್ಚದೇ ಹಾಗೇ ಕೂತು, ಕಣ್ಣಲ್ಲೇ ಗೂಡಿನಲ್ಲಿದ್ದ ತಮ್ಮ ಹಳೇ ಬ್ರಶ್ ತೋರಿಸಿದ್ರು. ಉಳಿದ ಆರು ಹಲ್ಲು ಅದ್ರಲ್ಲೇ ಮುಗಿಸಿದ್ವಿ. ಸಾಗರದವರೇ, ಅರ್ಧ ಬ್ಯಾಟರಿ ಇದ್ದಾಗಲೇ ಪೀಠಕ್ಕೆ ಹಾಕಿದ್ರೆ ಬೇಗ ಹಾಳಾಗುತ್ತಾ, ಅಥವಾ ಪೂರ್ತಿ ಇಳಿಯೋವರೆಗೆ ಕಾಯಬೇಕಾ?

ಸಾಗರದ ವೈರ್‌ಮನ್

ಲಿಥಿಯಂ ಆದ್ರೆ ಕಾಯಬೇಡಿ, ಅರ್ಧದಲ್ಲೇ ಹಾಕಿ, ಅದಕ್ಕೆ ಪೂರ್ತಿ ಇಳಿಯೋದೇ ಆಗಿಬರಲ್ಲ. ಹಿಡಿಯ ತಳದಲ್ಲೋ ಪುಸ್ತಕದಲ್ಲೋ ಎಲ್‌ಐ ಅಂತಿದ್ರೆ ಲಿಥಿಯಂ. ನಿಕಲ್ ಅಂತಿದ್ರೆ ಆರು ತಿಂಗಳಿಗೊಮ್ಮೆ ಪೂರ್ತಿ ಇಳಿಸಿ ತುಂಬಿ. ಭಾನುವಾರ ರಾತ್ರಿ ಅಂತ ಒಂದು ದಿನ ಇಟ್ಕೊಳ್ಳಿ, ಮರೆಯಲ್ಲ.

ಉಮಿಕರಿ, ಹೊಸನಗರ

ಅಕ್ಕಾ, ಆ ಜೀರುಂಡೆ ಯಾವ ಕಂಪನಿದು? ನಮ್ಮಪ್ಪನಿಗೆ ಪಾರ್ಕಿನ್ಸನ್ ಶುರುವಾಗಿದೆ, ಕೈ ನಡುಗುತ್ತೆ. ಅವರೂ ಉಮಿಕರಿಯವರೇ.